ಸೋಪ್ ಶಾಸ್ತ್ರಿಗಳು ಮತ್ತು ಎರಡು ಬಗೆಯ ಎಣ್ಣೆ

ಕೊರವಂಗಲದಲ್ಲಿ ಹತ್ತನೆಯ ತರಗತಿಗೆ ಸಾಬೂನೀಕರಣದ ಅಭ್ಯಾಸ ಪಾಠ ಮಾಡುತ್ತಿದ್ದೆ. ಮೈಸೂರ್ ಸ್ಯಾಂಡಲ್ ಸೋಪನ್ನು ಗಂಧದೆಣ್ಣೆಯಿಂದಲೇ ಮಾಡುತ್ತಾರೆಯೇ ಎಂದು ಹುಡುಗಿಯೊಬ್ಬಳು ಕೇಳಿದಳು. ಹೌದೆಂದು ಹೇಳಿ ಮುಂದೆ ಹೋದೆ. ತಪ್ಪು ತಿಳಿದದ್ದು ಆಮೇಲೆ, ಆ ಸೋಪಿನ ಹಿಂದಿದ್ದ ರಸಾಯನಶಾಸ್ತ್ರಜ್ಞರ ವಿಷಯ ಓದುವಾಗ.

ಅವರು ಸೋಸಲೆ ಗರಳಪುರಿ ಶಾಸ್ತ್ರಿ. ತಿ. ನರಸೀಪುರದ ಬಳಿಯ ಸೋಸಲೆ ಅವರ ಹೆಸರಿನಲ್ಲೇ ಇದೆ. ಜನ ಕರೆದದ್ದು ಮಾತ್ರ ಸೋಪ್ ಶಾಸ್ತ್ರಿ ಎಂದು. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತು ಕೊರಡುಗಳು ರಾಶಿ ಬಿದ್ದಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ತೈಲ ಬಟ್ಟಿಯಿಳಿಸಿ ತೋರಿಸಿದರು. 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯೇ ಬಂತು. ಈ ತೈಲದಿಂದ ಸೋಪಿನ ಯೋಚನೆ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಮುಂಬಯಿಯಿಂದ ತಜ್ಞರನ್ನು ಕರೆಸಿದರು. ಶಾಸ್ತ್ರಿಗಳನ್ನು ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಮರಳಿ ಬಂದು ದುಡಿದ ಸರ್ಕಾರಿ ಸೋಪ್ ಕಾರ್ಖಾನೆ 1918ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬಿಲ್ಲೆಗೆ ಅಂಡಾಕಾರ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಶರಭದ ಮುದ್ರೆ: ನೋಡಿದೊಡನೆ ಗುರುತು ಸಿಗುವ ಈ ರೂಪವೂ ಶಾಸ್ತ್ರಿಗಳ ಕಾಲದ್ದೇ.

ನಾನು ಎಡವಿದ್ದು ಎಣ್ಣೆ ಎಂಬ ಒಂದೇ ಮಾತಿನಲ್ಲಿ. ಚನ್ನರಾಯಪಟ್ಟಣದ ಕೊಬ್ಬರಿಯ ಎಣ್ಣೆ ಕೊಬ್ಬಿನ ಆಮ್ಲಗಳು ಗ್ಲಿಸರಿನ್ ಜೊತೆ ಕೂಡಿದ ಎಸ್ಟರ್. ಕ್ಷಾರದೊಡನೆ ಕಾಯಿಸಿದರೆ ಒಡೆದು ಸಾಬೂನೂ ಗ್ಲಿಸರಿನ್ನೂ ಆಗುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 255 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು, ಹೊಂಗೆ ಎಣ್ಣೆಗೆ ಸುಮಾರು 190; ಇದೇ ಸಾಬೂನೀಕರಣ ಸಂಖ್ಯೆ. ಗಂಧದೆಣ್ಣೆಯಾದರೋ ಬಹುಪಾಲು ಸ್ಯಾಂಟಲಾಲ್ ಎಂಬ ಆಲ್ಕೋಹಾಲುಗಳು. ಅದರಿಂದ ಸಾಬೂನು ಆಗದು. ಸೋಪಿನ ಮೈ ಕೊಬ್ಬಿನಿಂದ. ಗಂಧ ಅದಕ್ಕೆ ಕೊನೆಯಲ್ಲಿ ಬೆರೆಸುವ ಪರಿಮಳ. ಕುದಿಯುವ ಬಾಣಲೆಗೇ ಸುರಿದರೆ ಬೆಲೆಬಾಳುವ ತೈಲ ಆವಿಯೊಡನೆ ಹೋದೀತು. ಕಾಡಿನ ಆಸ್ತಿಯನ್ನು ಸೋಪಾಗಿಸಲು ಹೊರಟ ಸಂಸ್ಥಾನಕ್ಕೆ ಮರದಷ್ಟೇ ಕೊಬ್ಬಿನ ರಸಾಯನ ಬಲ್ಲವರೂ ಬೇಕಾದದ್ದು ಇದಕ್ಕೇ.

ಕಾಗದದ ಕಲೆಯ ಪರೀಕ್ಷೆಯನ್ನೊಂದೇ ನಂಬಬೇಡಿ. ಕೊಬ್ಬರಿ ಎಣ್ಣೆಯ ಕಲೆ ಉಳಿಯುತ್ತದೆ, ನೀಲಗಿರಿ ತೈಲದ್ದು ಆರಿಹೋಗುತ್ತದೆ. ಗಂಧದೆಣ್ಣೆ ಆರುವುದು ಬಹಳ ನಿಧಾನ, ಹಾಗಾಗಿ ನಲವತ್ತು ನಿಮಿಷದ ತರಗತಿಯಲ್ಲಿ ಅದೂ ಕೊಬ್ಬಿನಂತೆಯೇ ಕಾಣುತ್ತದೆ.

ಮುಂದಿನ ವಾರ ಅದೇ ತರಗತಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಎರಡು ಪ್ರನಾಳ ತೆಗೆದುಕೊಂಡು ಒಂದಕ್ಕೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ನೀಲಗಿರಿ ತೈಲ ಹಾಕಿದೆ (ಗಂಧದೆಣ್ಣೆ ನಮ್ಮ ಕೈಗೆಟುಕುವ ಬೆಲೆಯದಲ್ಲ). ಎರಡಕ್ಕೂ ಕ್ಷಾರ, ತುಸು ಮದ್ಯಸಾರ ಸೇರಿಸಿ, ಉರಿಗೆ ಹಿಡಿಯದೆ ಬಿಸಿನೀರಿನಲ್ಲಿ ಇಟ್ಟು ಕಾಯಿಸಿದೆ. ತಣಿದ ಮೇಲೆ ನೀರು ಬೆರೆಸಿ ಕುಲುಕಿದಾಗ ಮೊದಲನೆಯದರಲ್ಲಿ ನೊರೆ ಎದ್ದು ನಿಂತಿತು. ಎರಡನೆಯದರಲ್ಲಿ ತೈಲ ಮತ್ತೆ ಮೇಲೆ ಬಂದು ತೇಲಿತು. ಪ್ರಶ್ನೆ ಕೇಳಿದ್ದ ಹುಡುಗಿಯೇ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು.