ಯಂತ್ರದ ಪರಕಾಯ ಪ್ರವೇಶ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಬೀದಿಯ ಹುಡುಗರು ಕೆಲವರು ಕಬ್ಬಿಣದ ಕೊಳವೆಗಳನ್ನು ಬೆಸೆದು ನಾಲ್ಕು ಚಕ್ರದ ಪುಟ್ಟ ಗಾಡಿಯೊಂದನ್ನು ಮಾಡಿದರು. ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನನ್ನು ಬಿಚ್ಚಿ ತಂದು ಅದರ ಬೆನ್ನಿಗೆ ಕೂರಿಸಿದರು. ಹಳಗನ್ನಡ ಪಾಠ ಹೇಳುವ ನನಗೆ ಯಂತ್ರಗಳ ಮರ್ಮ ತಿಳಿಯದು. ಆದರೂ ಒಂದು ದೇಹದ ಉಸಿರು ಮತ್ತೊಂದು ದೇಹದಲ್ಲಿ ಗುಡುಗುಡಿಸಿದಾಗ ನಮ್ಮ ಕಥೆಗಳ ಪರಕಾಯ ಪ್ರವೇಶ ನೆನಪಾಯಿತು. ಯಂತ್ರಕ್ಕೆ ಈ ವಿದ್ಯೆಯನ್ನು ಆದಿಯಲ್ಲಿ ಕಲಿಸಿದವರನ್ನು ಹುಡುಕುತ್ತ ಹೋಗಿ ಗಾಟ್ಲೀಬ್ ಡೈಮ್ಲರನ ಬಳಿ ನಿಂತೆನು.

ಡೈಮ್ಲರನು ೧೮೩೪ರ ಮಾರ್ಚ್ ೧೭ರಂದು ಜರ್ಮನಿಯ ಶೋರ್ನ್‌ಡಾರ್ಫ್ ಎಂಬ ಊರಿನಲ್ಲಿ ರೊಟ್ಟಿ ಸುಡುವವನ ಮಗನಾಗಿ ಹುಟ್ಟಿದನು. ಮೊದಲು ಕಲಿತದ್ದು ಬಂದೂಕು ಮಾಡುವ ಕಸಬು. ಮುಂದೆ ರಾಯ್ಟ್ಲಿಂಗೆನ್ನಿನ ಅನಾಥಾಲಯದ ಕಾರ್ಖಾನೆಯಲ್ಲಿದ್ದಾಗ, ಅಲ್ಲಿಯೇ ಬೆಳೆದ ವಿಲ್‌ಹೆಲ್ಮ್ ಮೈಬಾಖ್ ಎಂಬ ತಬ್ಬಲಿ ತರುಣನು ಆತನ ಕಣ್ಣಿಗೆ ಬಿದ್ದನು. ಅಂದಿನಿಂದ ಡೈಮ್ಲರನು ಹೋದೆಡೆಗೆಲ್ಲ ಮೈಬಾಖನೂ ಹೋದನು. ಅವನನ್ನು ಬರಿಯ ನೆರಳೆಂದು ತಿಳಿದರೆ ತಪ್ಪಾದೀತು. ಕನಸು ಡೈಮ್ಲರನದಾದರೆ ನಕ್ಷೆ ಬರೆದ ಕೈ ಮೈಬಾಖನದು.

೧೮೭೨ರಿಂದ ಹತ್ತು ವರ್ಷ ಇಬ್ಬರೂ ನಿಕೊಲಾಸ್ ಓಟೋನ ಕಾರ್ಖಾನೆಯಲ್ಲಿ ದುಡಿದರು. ಓಟೋ ೧೮೭೬ರಲ್ಲಿ ನಿರ್ಮಿಸಿದ ಇಂಜಿನ್ ಅನಿಲದಿಂದ ನಡೆಯುವ ಭಾರಿ ಯಂತ್ರ. ನಿಮಿಷಕ್ಕೆ ಇನ್ನೂರು ಸುತ್ತನ್ನೂ ಸುತ್ತದು. ನೆಟ್ಟ ಜಾಗ ಬಿಟ್ಟು ಕದಲದು. ಡೈಮ್ಲರನಿಗೆ ಬೇಕಾಗಿದ್ದುದು ಎತ್ತಿ ಬೇರೆಡೆಗೆ ಇಡಬಹುದಾದ, ಚುರುಕಾದ ಪುಟ್ಟ ಯಂತ್ರ. ಓಟೋನೊಡನೆ ಮನಸ್ತಾಪ ಬೆಳೆಯಿತು. ೧೮೮೨ರಲ್ಲಿ ಆತ ಹೊರಬಿದ್ದನು.

ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಮನೆ ಕೊಂಡು, ತೋಟದಲ್ಲಿ ಗಿಡ ಬೆಳೆಸುವ ಗಾಜಿನ ಮನೆಯನ್ನೇ ಕಮ್ಮಟವಾಗಿಸಿದನು. ಹಗಲಿರುಳೂ ಬಾಗಿಲು ಮುಚ್ಚಿ ಕೆಲಸ. ತೋಟದ ಮಾಲಿಗೆ ಗುಮಾನಿ ಹುಟ್ಟಿತು: ಯಜಮಾನನು ಖೋಟಾ ನಾಣ್ಯ ಟಂಕಿಸುತ್ತಿರಬೇಕು! ಪೊಲೀಸರು ಬಂದು ಶೋಧಿಸಿದಾಗ ಕಂಡದ್ದು ಹತಾರುಗಳು ಮತ್ತು ಇಂಜಿನ್ ಮಾತ್ರ. ಸ್ವಂತ ಮನೆಯಲ್ಲಿಯೇ ಕಳ್ಳನಂತೆ ದುಡಿದ ಆ ದಿನಗಳೇ ಆತನ ಬದುಕಿನ ಅತ್ಯಂತ ಸುಖದ ದಿನಗಳಾಗಿದ್ದಿರಬೇಕೆಂದು ನನ್ನ ಊಹೆ.

ಅಲ್ಲಿ ಹುಟ್ಟಿದ ಇಂಜಿನ್ ನಿಮಿಷಕ್ಕೆ ಆರುನೂರು ಸುತ್ತು ಸುತ್ತುತ್ತಿತ್ತು. ನೀಳವಾದ ಆಕಾರದಿಂದ ಅದಕ್ಕೆ ನಿಲುಗಡಿಯಾರವೆಂದು ಹೆಸರಾಯಿತು. ೧೮೮೫ರಲ್ಲಿ ಅದರ ಕಿರಿಯ ರೂಪವೊಂದು, ಅರ್ಧ ಅಶ್ವಶಕ್ತಿಯದು, ಮರದ ದ್ವಿಚಕ್ರ ವಾಹನವನ್ನು ಹೊಕ್ಕಿತು. ಉರುಳದಂತೆ ಎರಡು ಬದಿಗೂ ಸಣ್ಣ ಗಾಲಿಗಳು. ಇಂಧನವನ್ನು ಹೊತ್ತಿಸುವ ಕೆಂಪಗೆ ಕಾದ ಕೊಳವೆ ಆಸನದ ಕೆಳಗೇ ಇದ್ದುದರಿಂದ, ಮೊದಲ ಸವಾರಿಯಲ್ಲಿ ಡೈಮ್ಲರನ ಮಗನು ಕುಳಿತ ಪೀಠಕ್ಕೆ ಬೆಂಕಿ ತಗುಲಿತೆಂದು ಹೇಳುತ್ತಾರೆ.

ಮರು ವರ್ಷ ಆತನು ಸ್ಟುಟ್‌ಗಾರ್ಟ್‌ನ ಗಾಡಿ ಮಾಡುವವರಿಂದ ಕುದುರೆ ಸಾರೋಟೊಂದನ್ನು ಮಾಡಿಸಿದನು. ಗುಟ್ಟು ಬಯಲಾಗದಿರಲೆಂದು, ಹೆಂಡತಿ ಎಮ್ಮಾಳ ಹುಟ್ಟುಹಬ್ಬದ ಉಡುಗೊರೆಯೆಂದು ಹೇಳಿದ್ದನು. ಕುದುರೆ ಕಟ್ಟುವ ಮೂಕಿಯನ್ನು ತೆಗೆದು, ಮುಂದಿನ ಹಿಂದಿನ ಆಸನಗಳ ನಡುವೆ ನೆಲವನ್ನು ಕೊರೆದು, ದ್ವಿಚಕ್ರದಲ್ಲಿದ್ದುದರ ಅಣ್ಣನಂತಹ ಇಂಜಿನ್ನನ್ನು ನಿಲ್ಲಿಸಿದರು. ಅದರ ಬಲ ೧.೧ ಅಶ್ವಶಕ್ತಿ. ಅದರ ಸುತ್ತನ್ನು ಪಟ್ಟಿಗಳು ಹಿಂದಿನ ಚಕ್ರಗಳತ್ತ ಒಯ್ದವು. ಗಾಡಿ ಗಂಟೆಗೆ ಹದಿನಾರು ಕಿಲೋಮೀಟರಿನಷ್ಟು ಓಡಿತು. ಅದೇ ವರ್ಷ ಇಂಜಿನ್ ನೆಕರ್ ನದಿಯ ದೋಣಿಗೆ ಇಳಿಯಿತು. ಜನ ಹೆದರದಿರಲೆಂದು ದೋಣಿಗೆ ತಂತಿಗಳನ್ನು ಸುತ್ತಿ ವಿದ್ಯುತ್ತಿನದೆಂದು ನಂಬಿಸಿದನು. ೧೮೮೮ರಲ್ಲಿ ಅದು ಬಲೂನಿಗೂ ಏರಿತು.

ಅತ್ತ ಮಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್‌ನು ೧೮೮೬ರ ಜನವರಿಯಲ್ಲಿಯೇ ತನ್ನ ಮೂರು ಚಕ್ರದ ವಾಹನಕ್ಕೆ ಹಕ್ಕುಪತ್ರ ಕೋರಿದ್ದನು. ಬೆಂಜ್‌ನದು ಆದ್ಯಂತ ಒಂದೇ ಕಲ್ಪನೆಯ ಸೃಷ್ಟಿ, ಡೈಮ್ಲರನದು ಕುದುರೆಯಿಲ್ಲದ ಕುದುರೆಗಾಡಿ ಎಂದು ಹಳಿಯುವವರುಂಟು. ಮಾತು ಸುಳ್ಳಲ್ಲ. ಮೈಬಾಖನಿಗೂ ಅದೇ ಅತೃಪ್ತಿ. ೧೮೮೯ರಲ್ಲಿ ಅವನು ಉಕ್ಕಿನ ಚಕ್ರಗಳ ವಾಹನವೊಂದನ್ನು ಇಂಜಿನ್ನಿನೊಡನೆ ಒಂದೇ ಅಂಗವಾಗಿ ರಚಿಸಿದನು. ಆದರೆ ಡೈಮ್ಲರನು ಒಲಿದದ್ದು ಗಾಡಿಗಲ್ಲ, ಇಂಜಿನ್ನಿಗೆ. ನೆಲ, ನೀರು, ಗಾಳಿ ಎಲ್ಲಿಯಾದರೂ ಅದು ದೇಹ ಪಡೆಯಲಿ ಎಂಬುದೇ ಆತನ ಹಂಬಲ.

ಎಮ್ಮಾ ೧೮೮೯ರಲ್ಲಿ ತೀರಿಕೊಂಡಳು. ಮರು ವರ್ಷ ಬಂಡವಾಳಗಾರರೊಡನೆ ಕಂಪನಿ ಕಟ್ಟಿದ್ದೇ ಡೈಮ್ಲರನಿಗೆ ಮುಳುವಾಯಿತು. ಅವರಿಗೆ ಬೇಕಾದುದು ನಿಂತಲ್ಲಿ ನಿಂತು ಲಾಭ ತರುವ ಇಂಜಿನ್ನುಗಳು. ಮೈಬಾಖ್ ಹೊರನಡೆದನು, ಡೈಮ್ಲರನು ಅವನಿಗೆ ಗುಟ್ಟಾಗಿ ಹಣವಿತ್ತು, ಕಾನ್‌ಸ್ಟಾಟ್‌ನ ಹಳೆಯ ಹೋಟೆಲೊಂದರಲ್ಲಿ ಕೆಲಸ ಮುಂದುವರಿಸಿದನು. ಕೊನೆಗೆ ತನ್ನದೇ ಹೆಸರಿನ ಕಂಪನಿಯ ಪಾಲನ್ನು ಮಾರಬೇಕಾಯಿತು. ಆದರೆ ಅವನ ಇಂಜಿನ್ನಿನ ಹಕ್ಕನ್ನು ಕೊಳ್ಳಬಂದ ಇಂಗ್ಲೆಂಡಿನವರು, ಡೈಮ್ಲರನು ಮರಳಿದರೆ ಮಾತ್ರ ಹಣ ಎಂದು ಷರತ್ತು ಹಾಕಿದರು. ೧೮೯೫ರಲ್ಲಿ ಗುರುಶಿಷ್ಯರಿಬ್ಬರೂ ಹಿಂದಿರುಗಿದರು.

ಹೃದ್ರೋಗದಿಂದ ಬಳಲಿದ್ದ ಡೈಮ್ಲರನು ೧೯೦೦ರ ಮಾರ್ಚ್ ೬ರಂದು ನಿಧನನಾದನು. ಮೈಬಾಖನು ರಚಿಸಿದ ಮೊದಲ ಮರ್ಸಿಡಿಸ್ ಕಾರು ಹೊರಬಂದುದು ಅದೇ ವರ್ಷದ ಡಿಸೆಂಬರಿನಲ್ಲಿ. ಅದನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ. ಆ ಮರದ ದ್ವಿಚಕ್ರವೂ ೧೯೦೩ರಲ್ಲಿ ಕಾನ್‌ಸ್ಟಾಟ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ವಸ್ತುಸಂಗ್ರಹಾಲಯಗಳಲ್ಲಿ ಕಾಣುವುದು ಅದರ ಪ್ರತಿರೂಪ.