ಗುತ್ತಿಯ ಮುರಾರಿರಾಯ

ರಾಯದುರ್ಗ, ಮಡಕಶಿರಗಳ ಸೀಮೆಯಲ್ಲಿ ಬೆಟ್ಟಗಳಿಗೂ ಕೊರತೆಯಿಲ್ಲ, ಬೆಟ್ಟದ ಮೇಲಣ ಕೋಟೆಗಳಿಗೂ ಕೊರತೆಯಿಲ್ಲ. ಅವುಗಳಲ್ಲಿ ಹೆಸರಾಂತುದು ಗುತ್ತಿಯ ದುರ್ಗ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಕನ್ನಡ ಶಾಸನಗಳನ್ನು ಹೊತ್ತು ನಿಂತಿರುವ ಆ ಬೆಟ್ಟವನ್ನು ಹದಿನೆಂಟನೆಯ ಶತಮಾನದಲ್ಲಿ ಆಳಿದವನು ಮುರಾರಿರಾವ್ ಘೋರ್ಪಡೆ. ಆತನು ಮರಾಠ ಸೇನಾನಿ ಸಂತಾಜಿ ಘೋರ್ಪಡೆಯ ವಂಶದವನು. ಸಂಡೂರಿನ ಘೋರ್ಪಡೆ ಮನೆತನವೂ ಇದೇ ಬಳ್ಳಿಯ ಕವಲು.

1741ರಲ್ಲಿ ರಘೂಜಿ ಭೋಂಸಲೆಯು ತಿರುಚಿನಾಪಳ್ಳಿಯನ್ನು ಗೆದ್ದು ಚಂದಾಸಾಹೇಬನನ್ನು ಸೆರೆಹಿಡಿದಾಗ, ಆ ಕೋಟೆಯ ರಕ್ಷಣೆಯ ಭಾರವು ಮುರಾರಿರಾಯನಿಗೆ ಬಂದಿತು. ಎರಡು ವರ್ಷಗಳ ತರುವಾಯ ನಿಜಾಮನು ಮಹಾಸೈನ್ಯದೊಡನೆ ಬರಲು, ಅದನ್ನು ಬಿಟ್ಟುಕೊಟ್ಟು ಗುತ್ತಿಗೆ ಮರಳಿದನು. 1751ರಲ್ಲಿ ಆರ್ಕಾಟಿನ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ ಕ್ಲೈವನ ನೆರವಿಗೆ ಆತನ 6,000 ಮಂದಿ ಹೊರಟರೆಂಬ ಸುದ್ದಿಯೇ ಮುತ್ತಿದವರನ್ನು ಅವಸರಕ್ಕೀಡುಮಾಡಿತು. ಮುಂದೆ ಅದೇ ಇಂಗ್ಲಿಷರ ವಿರುದ್ಧ ಫ್ರೆಂಚರನ್ನೂ ಮೈಸೂರಿನ ನಂಜರಾಜಯ್ಯನನ್ನೂ ಕೂಡಿದನು. ಹಣ ಕೊಟ್ಟವರ ಕಡೆಗೆ ವಾಲುತ್ತಿದ್ದನೆಂಬ ಅಪವಾದವನ್ನು ಮುಚ್ಚಿಡುವುದು ಚರಿತ್ರೆಗೆ ನ್ಯಾಯವಲ್ಲ. ಆದರೆ ಸೂರೆಯ ಹಣದಲ್ಲಿ ದಂಡಾಳಿನ ಪಾಲನ್ನು ಆತನು ತಪ್ಪದೆ ಸಲ್ಲಿಸುತ್ತಿದ್ದನು. ಆದುದರಿಂದಲೇ ಬೇರೆಯ ಸವಾರರು ಹಿಂಜರಿಯುತ್ತಿದ್ದ ತೋಪಿನ ಬಾಯಿಗೆ ಆತನ ಸವಾರರು ನುಗ್ಗುತ್ತಿದ್ದರು.

ಹೈದರಾಲಿಗೂ ಆತನಿಗೂ ಬೆಳೆದ ಹಗೆ ನಮ್ಮ ನೆಲದ್ದೇ. 1761ರಲ್ಲಿ ಸಿರಾ ಹೈದರನ ಕೈಸೇರಿತು. ಬಳಿಕ ಚಿಕ್ಕಬಳ್ಳಾಪುರದ ಪಾಳೆಯಗಾರನಿಗೆ ಮುರಾರಿರಾಯನು ಒತ್ತಾಸೆಯಾಗಲು, ಹೈದರನು ಆತನನ್ನು ಹಿಮ್ಮೆಟ್ಟಿಸಿ ಕೋಡಿಕೊಂಡ, ಪೆನುಕೊಂಡ, ಮಡಕಶಿರಗಳನ್ನು ಕಸಿದುಕೊಂಡನು.

1768ರಲ್ಲಿ ಕರ್ನಲ್ ಸ್ಮಿತ್ತನ ಇಂಗ್ಲಿಷ್ ದಂಡು ಹೊಸಕೋಟೆಯ ಬಳಿ ಬೀಡುಬಿಟ್ಟಿತ್ತು. ಮುರಾರಿರಾಯನು ಅದಕ್ಕೆ ಅನತಿದೂರದಲ್ಲಿ ತನ್ನ ಪಾಳೆಯವನ್ನು ಬೇರೆಯಾಗಿಯೇ ಹೂಡಿದ್ದನು. ಆಗಸ್ಟ್ ತಿಂಗಳ ಒಂದು ರಾತ್ರಿ ಹೈದರನ ಸೈನ್ಯವು ಈ ಪಾಳೆಯದ ಮೇಲೆ ಎರಗಿತು. ಕಗ್ಗತ್ತಲೆ, ಕುದುರೆ ಕುದುರೆ ಬೆರೆತರೆ ತನ್ನವರಾರು ಪರರಾರು? ಮುರಾರಿರಾಯನ ಅಪ್ಪಣೆ ಚಿಕ್ಕದಾಗಿತ್ತು: ಒಬ್ಬನೂ ಕುದುರೆಯನ್ನೇರಕೂಡದು, ತಂತಮ್ಮ ಕುದುರೆಯ ಮುಂದೆ ನೆಲದ ಮೇಲೆಯೇ ನಿಲ್ಲಬೇಕು, ಏರಿ ಬಂದವನನ್ನೆಲ್ಲ ಹಗೆಯೆಂದು ಹೊಡೆಯಬೇಕು. ಸವಾರನಿಗೆ ಕುದುರೆಯಿಂದಿಳಿದು ನಿಲ್ಲೆನ್ನುವುದು ಸುಲಭದ ಮಾತಲ್ಲ. ಆದರೂ ಅವರು ಕದಲಲಿಲ್ಲ. ಅಷ್ಟರಲ್ಲಿ ಗಾಯಗೊಂಡ ಪಟ್ಟದಾನೆಯೊಂದು ಗೂಟವನ್ನು ಕಿತ್ತು, ಕಾಲಿನ ಸರಪಣಿಯನ್ನು ಸೊಂಡಿಲಿನಲ್ಲಿ ಹಿಡಿದು ಎಡಬಲಕ್ಕೆ ಬೀಸುತ್ತ ಹೈದರನ ಸವಾರರ ಮೇಲೆ ನುಗ್ಗಿತು. ಅವರು ಬೆದರಿ ಹಿಂದಿದ್ದ ತಮ್ಮ ಪದಾತಿಗಳ ಮೇಲೆಯೇ ಬಿದ್ದರು. ಪದಾತಿಗಳು ಶತ್ರುವೇ ಬಂದನೆಂದು ತಿಳಿದು ಹಿಮ್ಮೆಟ್ಟಿದರು. ಗೆಲವಿನಲ್ಲಿ ಆನೆಯ ಪಾಲೂ ಇತ್ತೆನ್ನಿ.

ಹೈದರನು ಇದನ್ನು ಮರೆಯುವವನಲ್ಲ. 1775ರಲ್ಲಿ ಬಳ್ಳಾರಿಯನ್ನು ಹಿಡಿದವನೇ ಗುತ್ತಿಯತ್ತ ತಿರುಗಿದನು. ಅವನು ಪೊಗದಿ ಕೇಳಲು, ತಾನು ಪೊಗದಿಯನ್ನು ಎತ್ತಿ ಬಲ್ಲವನೇ ಹೊರತು ಕೊಟ್ಟು ಅರಿಯನೆಂದು ಮುರಾರಿರಾಯನು ಉತ್ತರ ಕಳುಹಿಸಿದನಂತೆ. ಮುತ್ತಿಗೆಯಲ್ಲಿ ಪೇಟೆಯೂ ಕೆಳಗೋಟೆಯೂ ಹೋದವು. ಮೇಲಣ ದುರ್ಗ ಮಾತ್ರ ಬಗ್ಗಲಿಲ್ಲ. ಆದರೆ ತಪ್ಪಿಸಿಕೊಂಡು ಬಂದ ಜನರೂ ಕುದುರೆ ದನಗಳೂ ಅಲ್ಲಿ ತುಂಬಿದ್ದರಿಂದ ಬಂಡೆಯ ದೊಣೆಗಳ ನೀರು ಬತ್ತುತ್ತ ಬಂದಿತು. ಪುಣೆಯಿಂದ ಸಹಾಯ ಬರಲಿಲ್ಲ.

ಕಡೆಗೆ 12 ಲಕ್ಷ ರೂಪಾಯಿಗೆ ಸಂಧಿಯ ಮಾತಾಯಿತು. ಸ್ವಲ್ಪ ಭಾಗ ಆಗಲೇ ಸಲ್ಲಿ, ಉಳಿದುದಕ್ಕೆ ಒತ್ತೆಯಾಳಾಗಿ ಒಬ್ಬ ಸರದಾರನ ಎಳೆಯ ಮಗನನ್ನು ಕಳುಹಿಸಲಾಯಿತು. ಹೈದರನು ಆ ಹುಡುಗನನ್ನು ಆದರಿಸಿ, ಸವಿಮಾತಿನಿಂದ ಕೋಟೆಯ ಸಮಾಚಾರವನ್ನು ವಿಚಾರಿಸಿದನು. ಮೂರು ದಿನಕ್ಕಾಗುವಷ್ಟು ನೀರು ಮಾತ್ರ ಉಳಿದಿತ್ತೆಂದೂ, ಇಲ್ಲವಾದರೆ ದುರ್ಗವು ಮಣಿಯುತ್ತಿರಲಿಲ್ಲವೆಂದೂ ಹುಡುಗನು ಅಭಿಮಾನದಿಂದಲೇ ಹೇಳಿಬಿಟ್ಟನು. ಹೈದರನಿಗೆ ಬೇಕಾದುದು ಅಷ್ಟೇ. ಏನೋ ನೆಪ ಹೂಡಿ ಸಂಧಿಯನ್ನು ಮುರಿದು ಮತ್ತೆ ಮುತ್ತಿಗೆಯನ್ನು ಬಿಗಿಮಾಡಿದನು. ನೀರು ಮುಗಿಯಿತು, 1776ರಲ್ಲಿ ಗುತ್ತಿಯ ಬಾಗಿಲು ತೆರೆಯಿತು.

ಬೆಟ್ಟದ ತುದಿಯಲ್ಲಿ, ಪ್ರಪಾತದ ಅಂಚಿಗೆ, ಗಾರೆಯ ಒಂದು ಸಣ್ಣ ಮಂಟಪವಿದೆ. ಮುರಾರಿರಾಯನು ಅಲ್ಲಿ ಕುಳಿತು ಚದುರಂಗವಾಡುತ್ತಿದ್ದನೆಂದು ಜನ ಹೇಳುವರು. ಆತನು ಆ ಮಂಟಪವನ್ನು ಮತ್ತೆ ಕಾಣಲಿಲ್ಲ. ಶ್ರೀರಂಗಪಟ್ಟಣಕ್ಕೂ, ಅಲ್ಲಿಂದ ಕನಕಪುರದ ಸೀಮೆಯ ಕಬ್ಬಾಳದುರ್ಗಕ್ಕೂ ಆತನನ್ನು ಸಾಗಿಸಿದರು. ಆ ದುರ್ಗದ ಸೆರೆಯಲ್ಲಿಯೇ ಆತನು ತೀರಿಕೊಂಡನು.