ತನ್ನ ಮಾತನ್ನೇ ತಿದ್ದಿ ಓದಿದ ಮಗು: ಗ್ರೇಸ್ ಫರ್ನಾಲ್ಡ್

ನೋಡುವುದು, ಕೇಳುವುದು, ಮುಟ್ಟುವುದು, ಕೈಯಾಡಿಸುವುದು ಈ ನಾಲ್ಕನ್ನೂ ಒಟ್ಟಿಗೆ ಬಳಸಿ ಓದು ಕಲಿಸುವ ಬಹುಸಂವೇದನಾ ವಿಧಾನ ಪ್ರಶಿಕ್ಷಣಾರ್ಥಿಗಳಿಗೆ ಪರಿಚಿತ. ಅದನ್ನು ರೂಪಿಸಿದವರಲ್ಲಿ ಮುಖ್ಯರು ಅಮೆರಿಕದ ಮನೋವಿಜ್ಞಾನಿ ಗ್ರೇಸ್ ಫರ್ನಾಲ್ಡ್.

1879ರಲ್ಲಿ ಒಹಾಯೊ ರಾಜ್ಯದ ಕ್ಲೈಡ್‌ನಲ್ಲಿ ಹುಟ್ಟಿದ ಅವರು 1907ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದೇ ನಗರದಲ್ಲಿ ವಿಲಿಯಂ ಹೀಲಿಯವರೊಂದಿಗೆ ಬಾಲಾಪರಾಧಿಗಳ ಅಧ್ಯಯನದಲ್ಲಿ ತೊಡಗಿದರು. 1911ರಲ್ಲಿ ಲಾಸ್ ಏಂಜಲೀಸ್‌ನ ನಾರ್ಮಲ್ ಶಾಲೆ ಸೇರಿದರು. ಅದೂ ನಮ್ಮ ಕಾಲೇಜಿನಂತೆ ಶಿಕ್ಷಕರನ್ನು ತಯಾರಿಸುವ ಸಂಸ್ಥೆಯೇ. 1919ರಲ್ಲಿ ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭಾಗವಾಯಿತು. 1921ರಲ್ಲಿ ಫರ್ನಾಲ್ಡ್ ಅಲ್ಲಿ ಚಿಕಿತ್ಸಾ ಶಾಲೆ ತೆರೆದರು.

ಆ ಶಾಲೆಗೆ ಬಂದ ಅನೇಕ ಮಕ್ಕಳ ಬುದ್ಧಿಮಟ್ಟ ಸಾಮಾನ್ಯವಾಗಿಯೇ ಇತ್ತು, ಆದರೆ ಓದು ಮಾತ್ರ ಬರುತ್ತಿರಲಿಲ್ಲ. ಫರ್ನಾಲ್ಡ್ ಅವರ ಮುಂದೆ ಪಠ್ಯಪುಸ್ತಕ ಇಡಲಿಲ್ಲ. ಯಾವ ಪದ ಕಲಿಯಬೇಕೆಂದು ಮಗುವೇ ಹೇಳುತ್ತಿತ್ತು. ಶಿಕ್ಷಕಿ ಅದನ್ನು ಕಾಗದದ ಪಟ್ಟಿಯ ಮೇಲೆ ಬಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆಯುತ್ತಿದ್ದರು. ಮಗು ಬಾಯಲ್ಲಿ ಪದ ಹೇಳುತ್ತ ಬೆರಳಿನಿಂದ ತಿದ್ದಬೇಕು. ನೋಡದೆ ಬರೆಯಲು ಬರುವವರೆಗೆ ತಿದ್ದಬೇಕು. ನೋಡಿ ನಕಲು ಮಾಡುವಂತಿಲ್ಲ. ಕಲಿತ ಪದವನ್ನು ತನ್ನದೇ ಕಥೆಯಲ್ಲಿ ಬಳಸಬೇಕು. ಆ ಕಥೆಯನ್ನು ಬೇಗನೆ ಟೈಪು ಮಾಡಿಸಿ ಮಗುವಿನಿಂದಲೇ ಓದಿಸುತ್ತಿದ್ದರು. ಪದದ ಪಟ್ಟಿ ಅದರ ಪೆಟ್ಟಿಗೆ ಸೇರುತ್ತಿತ್ತು. ಕ್ರಮೇಣ ತಿದ್ದುವ ಅಗತ್ಯ ಕಳೆದು, ನೋಡಿದೊಡನೆ ಓದುವ ಹಂತ ಬರುತ್ತಿತ್ತು.

ಸೋತ ಮಗು ಓದನ್ನೇ ದ್ವೇಷಿಸುತ್ತದೆ ಎಂಬುದು ಅವರ ಮುಖ್ಯ ಕಾಣ್ಕೆ. ಆದ್ದರಿಂದ ಮೊದಲ ದಿನವೇ ಮಗು ಗೆಲ್ಲುವಂತೆ ನೋಡಿಕೊಳ್ಳುತ್ತಿದ್ದರು. ಈ ಅನುಭವವನ್ನು 1943ರ ತಮ್ಮ ಗ್ರಂಥದಲ್ಲಿ ವಿವರಿಸಿದರು. 1950ರಲ್ಲಿ ತೀರಿಕೊಂಡರು.

ಈ ವಿಧಾನಕ್ಕೆ ಸಮಯ ಹೆಚ್ಚು ಬೇಕು. ತುಂಬಿದ ತರಗತಿಯಲ್ಲಿ ಎಲ್ಲರಿಗೂ ಹೀಗೆ ಕಲಿಸಲಾಗದು, ಎಲ್ಲರಿಗೂ ಬೇಕಾಗಿಯೂ ಇಲ್ಲ. ಇಂಗ್ಲಿಷಿನ ಕಾಗುಣಿತ ಉಚ್ಚಾರಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಮಗು ಎಡವುವುದು ಗುಣಿತಾಕ್ಷರ, ಒತ್ತಕ್ಷರಗಳಲ್ಲಿ. ಮರಳಿನ ಮೇಲೆ ಅಕ್ಷರ ತಿದ್ದಿಸುವುದು ನಮ್ಮ ಗಾಂವಟಿ ಶಾಲೆಗಳ ಹಳೆಯ ರೂಢಿ. ಅಲ್ಲಿ ಅಕ್ಷರ ಗುರುವಿನದು, ಫರ್ನಾಲ್ಡರಲ್ಲಿ ಪದ ಮಗುವಿನದು.

ಚಂದಾಪುರ, ಚಿಂಚೋಳಿ ಸುತ್ತಿನ ಶಾಲೆಗಳಲ್ಲಿ ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಪಕ್ಕದ ಮಗುವಿನದು ತೆಲುಗೋ ಉರ್ದುವೋ ಇರಬಹುದು. ಓದಲು ತಡವರಿಸುವ ಇಂಥ ಮಗುವಿಗೆ ದಡ್ಡ ಎಂಬ ಹೆಸರು ಬಲುಬೇಗ ಅಂಟುತ್ತದೆ. ಎರಡನೆಯ ತರಗತಿಯಲ್ಲಿ ಅಂಟಿದ ಹೆಸರು ಏಳನೆಯದರವರೆಗೂ ಬಿಡದು. ಅಭ್ಯಾಸ ಪಾಠದ ದಿನಗಳಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ಅಂಥ ಒಂದು ಮಗುವಿನ ಪಕ್ಕ ದಿನಕ್ಕೆ ಹದಿನೈದು ನಿಮಿಷ ಕೂರಬಹುದು. ರೊಟ್ಟಿ, ಎತ್ತು, ಹಳ್ಳ, ಹೀಗೆ ಮಗು ಕೇಳಿದ ಪದವನ್ನು ದೊಡ್ಡದಾಗಿ ಬರೆದುಕೊಟ್ಟು ತಿದ್ದಿಸಬಹುದು. ವಾರದ ಕೊನೆಗೆ ಆ ಮಗು ಎಷ್ಟು ಪದಗಳನ್ನು ನೋಡದೆ ಬರೆಯಿತು ಎಂಬುದನ್ನು ಪಾಠಯೋಜನೆಯ ಪುಸ್ತಕದಲ್ಲೇ ದಾಖಲಿಸಬೇಕು.